ಡೀಸೆಲ್ ಪಿಕಪ್ಪಿಗೆ ಆಕ್ಸಲ್ ಅನುಪಾತ: 3.42, 3.73, 4.10ರಲ್ಲಿ ನಿಮ್ಮದು ಯಾವುದು?

ಅಮೆರಿಕದಲ್ಲಿ ಟ್ರೇಲರ್ ಎಳೆಯಲೆಂದು ಡೀಸೆಲ್ ಪಿಕಪ್ ಕೊಳ್ಳಲು ಹೊರಟ ಕನ್ನಡದ ಗೆಳೆಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಎಂಜಿನ್ನಿನದ್ದು: ರ‍್ಯಾಮ್‌ನ ಕಮ್ಮಿನ್ಸಾ, ಫೋರ್ಡಿನ ಪವರ್ ಸ್ಟ್ರೋಕಾ, ಜಿಎಂನ (ಜನರಲ್ ಮೋಟರ್ಸ್) ಡ್ಯೂರಾಮ್ಯಾಕ್ಸಾ? ಎರಡನೆಯದು ಆಕ್ಸಲ್ ಅನುಪಾತದ್ದು, ಅದೂ ಬಹುತೇಕ ತೀರ್ಮಾನ ಆದ ಮೇಲೆಯೇ: "ಎಳೆಯೋಕೆ 4.10 ಬೇಕಂತಲ್ಲ, 3.42 ಬಂದ್ರೆ ಬಿಟ್ಬಿಡ್ಲಾ?" ಬಿಡಬೇಡಿ, ಮೊದಲು ಒಂದು ಕಾಗದ, ಒಂದು ಕ್ಯಾಲ್ಕುಲೇಟರ್ ತೆಗೆದುಕೊಂಡು ಕುಳಿತುಕೊಳ್ಳಿ. ಆಕ್ಸಲ್ ಅನುಪಾತ ಒಂಟಿ ಸಂಖ್ಯೆಯಲ್ಲ. ಗೇರ್‌ಬಾಕ್ಸ್, ಟೈರು, ನೀವು ಓಡಿಸುವ ವೇಗ, ಇವು ಮೂರೂ ಸೇರಿದಾಗಲೇ ಅದಕ್ಕೆ ಅರ್ಥ ಬರುವುದು. ನಾನು ಕೂಡ ಇದನ್ನು ತಡವಾಗಿಯೇ ಕಲಿತೆ. ಹಾಗಾಗಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಈ ಸಂಖ್ಯೆ ಅಂದರೇನು

ನಮ್ಮೂರ ಲಾರಿ ಗ್ಯಾರೇಜಿನಲ್ಲಿ "ಕ್ರೌನ್-ಪಿನಿಯನ್" ಅನ್ನುತ್ತಾರಲ್ಲ, ಅದೇ. ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿರುವ ಚಿಕ್ಕ ಹಲ್ಲಿನ ಚಕ್ರ ಪಿನಿಯನ್, ಹಿಂದಿನ ಹೌಸಿಂಗಿನೊಳಗೆ ಅದು ತಿರುಗಿಸುವ ದೊಡ್ಡ ಚಕ್ರ ಕ್ರೌನ್. ಕ್ರೌನಿನಲ್ಲಿ 41 ಹಲ್ಲು, ಪಿನಿಯನ್ನಿನಲ್ಲಿ 11 ಇದ್ದರೆ 41 ಭಾಗಿಸು 11, ಅಂದರೆ 3.73. ಅದೇ 41 ಹಲ್ಲಿನ ಕ್ರೌನಿಗೆ 10 ಹಲ್ಲಿನ ಪಿನಿಯನ್ ಕೊಟ್ಟರೆ 4.10, 12 ಹಲ್ಲಿನದು ಕೊಟ್ಟರೆ 3.42. ಚಕ್ರ ಒಂದು ಸುತ್ತು ಬರಲು ಶಾಫ್ಟು ಎಷ್ಟು ಸುತ್ತಬೇಕು ಎಂಬುದೇ ಈ ಸಂಖ್ಯೆ.

ಒಂದು ಗೊಂದಲವನ್ನು ಇಲ್ಲೇ ಬಗೆಹರಿಸಿಕೊಳ್ಳೋಣ. ಇಲ್ಲಿನ ಮೆಕ್ಯಾನಿಕ್‌ಗಳು "ಲೋ ಗೇರ್" ಅಂದರೆ 4.10, "ಹೈ ಗೇರ್" ಅಂದರೆ 3.42. ಸಂಖ್ಯೆ ದೊಡ್ಡದಾದರೆ ಗೇರು "ಲೋ". ಫೋನಿನಲ್ಲಿ ಮಾತಾಡುವಾಗ ಈ ಪದಗಳನ್ನು ನಂಬದೆ ಸಂಖ್ಯೆಯನ್ನೇ ಹೇಳಿ, ಸಂಖ್ಯೆಯನ್ನೇ ಕೇಳಿ.

ಹೆಜ್ಜೆ 1: ನಿಮ್ಮ ಗಾಡಿಯಲ್ಲಿ ಈಗ ಏನಿದೆ?

ಮಾರುವವರ ಮಾತು ಸಾಲದು. ಹಳೆಯ ಜಿಎಂ ಗಾಡಿಗಳ ಗ್ಲೋವ್‌ಬಾಕ್ಸಿನ ಸ್ಟಿಕರಿನಲ್ಲಿ ಸಣ್ಣ ಸಣ್ಣ ಕೋಡುಗಳಿರುತ್ತವೆ: ಜಿಯು6 ಅಂದರೆ 3.42, ಜಿಟಿ4 ಅಂದರೆ 3.73, ಜಿಟಿ5 ಅಂದರೆ 4.10. ಫೋರ್ಡಿನಲ್ಲಿ ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿ ಆಕ್ಸಲ್ ಕೋಡ್ ಇರುತ್ತದೆ. ರ‍್ಯಾಮ್‌ಗೆ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಕೊಟ್ಟರೆ ಡೀಲರ್ ಬಿಲ್ಡ್ ಶೀಟ್, ಅಂದರೆ ಕಾರ್ಖಾನೆಯಲ್ಲಿ ಹಾಕಿದ ಭಾಗಗಳ ಪಟ್ಟಿ, ತೆಗೆದುಕೊಡುತ್ತಾನೆ.

ಆದರೆ ಹಿಂದಿನ ಮಾಲೀಕ ಕ್ರೌನ್-ಪಿನಿಯನ್ ಬದಲಿಸಿದ್ದರೆ ಈ ಕಾಗದಗಳೆಲ್ಲ ಸುಳ್ಳಾಗುತ್ತವೆ. ಆಗ ಎಣಿಸುವುದೇ ದಾರಿ. ಗಾಡಿಯನ್ನು ಸಮತಟ್ಟು ಕಾಂಕ್ರೀಟಿನ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಕಟ್ಟೆ ಕೊಡಿ. ಹಿಂಬದಿಯನ್ನು ಎತ್ತಿ ಗಟ್ಟಿ ಜ್ಯಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ, ಇವು ಮೂರೂವರೆ ಟನ್ನಿನ ಗಾಡಿಗಳು. ಗೇರನ್ನು ನ್ಯೂಟ್ರಲ್‌ಗೆ ಹಾಕಿ ಪಾರ್ಕಿಂಗ್ ಬ್ರೇಕ್ ಬಿಡಿ. ಟೈರಿನ ಮೇಲೊಂದು, ಶಾಫ್ಟಿನ ಮೇಲೊಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಎರಡೂ ಹಿಂಚಕ್ರಗಳನ್ನು ಒಂದೇ ದಿಕ್ಕಿಗೆ, ಒಟ್ಟೊಟ್ಟಿಗೆ, ಸರಿಯಾಗಿ ಒಂದು ಸುತ್ತು ತಿರುಗಿಸಿ. ಒಬ್ಬರು ಚಕ್ರದ ಹತ್ತಿರ, ಇನ್ನೊಬ್ಬರು ಶಾಫ್ಟಿನ ಗೆರೆ ನೋಡುತ್ತಾ ಕೂರಬೇಕು. ನನ್ನ ಮಗ ಚಾಪೆಯ ಮೇಲೆ ಮಲಗಿ "ಮೂರು... ಮೂರೂ ಕಾಲು... ಅರ್ಧಕ್ಕೆ ಸ್ವಲ್ಪ ಕಮ್ಮಿ!" ಎಂದು ಕೂಗಿದ್ದು ಇನ್ನೂ ನೆನಪಿದೆ. ಅದು 3.42. ಮುಕ್ಕಾಲಿನ ಹತ್ತಿರ ಬಂದರೆ 3.73, ನಾಲ್ಕು ದಾಟಿ ಒಂದಿಷ್ಟು ಹೋದರೆ 4.10. 3.55ಕ್ಕೂ 3.42ಕ್ಕೂ ನಡುವಿನ ಅಂತರ ಕಣ್ಣಿಗೆ ಸಿಗುವುದು ಕಷ್ಟ, ಹಾಗಾಗಿ ಹತ್ತು ಸುತ್ತು ತಿರುಗಿಸಿ ಹತ್ತರಿಂದ ಭಾಗಿಸಿ.

ಹೆಜ್ಜೆ 2: ಟೈರು ಅಳೆಯಿರಿ

ಆಕ್ಸಲ್ ಅನುಪಾತವನ್ನು ಯಾರಿಗೂ ಹೇಳದೆ ಬದಲಿಸುವ ಕಳ್ಳ ಅಂದರೆ ಟೈರು. ಎಲ್‌ಟಿ 275/70ಆರ್18 ಟೈರಿನ ವ್ಯಾಸ ಸುಮಾರು 33 ಇಂಚು. ಅದನ್ನು ತೆಗೆದು 35 ಇಂಚಿನದು ಹಾಕಿದಿರಿ ಅನ್ನಿ. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಅಂದರೆ ಗೇರು "ಹೈ" ಆಯಿತು. ಲೆಕ್ಕ ಸುಲಭ: ಮೂಲ ಅನುಪಾತವನ್ನು ಹಳೆಯ ವ್ಯಾಸದಿಂದ ಗುಣಿಸಿ, ಹೊಸ ವ್ಯಾಸದಿಂದ ಭಾಗಿಸಿ. 3.73 ಇದ್ದದ್ದು 35 ಇಂಚಿನಲ್ಲಿ 3.52ರಂತೆ ವರ್ತಿಸುತ್ತದೆ, 37 ಇಂಚಿನಲ್ಲಿ 3.33ರಂತೆ. 3.42 ಇದ್ದದ್ದು 35 ಇಂಚಿನಲ್ಲಿ 3.22ಕ್ಕೆ ಇಳಿಯುತ್ತದೆ.

ಹಿಂದೆ ನಾಲ್ಕು ಟೈರಿನ ಡ್ಯೂಯಲಿಗಳಲ್ಲಿ ಇದೇ ತಿರುವುಮುರುವು. ಅವುಗಳಲ್ಲಿ ಸಾಮಾನ್ಯವಾದ ಎಲ್‌ಟಿ 235/80ಆರ್17 ಟೈರು 32 ಇಂಚಿಗಿಂತ ಕೊಂಚ ಚಿಕ್ಕದು. ಹಾಗಾಗಿ ಡ್ಯೂಯಲಿಯ 3.73, ಒಂಟಿ ಟೈರಿನ ಗಾಡಿಯಲ್ಲಿ 3.87 ಇದ್ದ ಹಾಗೆ. "ಅವನ ಡ್ಯೂಯಲಿ ಅದೇ 3.73ರಲ್ಲಿ ಆರಾಮಾಗಿ ಎಳೀತದೆ" ಎಂಬ ಹೋಲಿಕೆ ಎಷ್ಟೋ ಸಲ ತಪ್ಪುವುದು ಇಲ್ಲಿಯೇ.

ಹೆಜ್ಜೆ 3: ಒಂದೇ ಸೂತ್ರ, ಅದನ್ನು ಬಾಯಿಪಾಠ ಮಾಡಿ

ಆರ್‌ಪಿಎಂ = ವೇಗ × ಆಕ್ಸಲ್ ಅನುಪಾತ × ಆ ಗೇರಿನ ಅನುಪಾತ × 336 ÷ ಟೈರಿನ ವ್ಯಾಸ

ಆರ್‌ಪಿಎಂ ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು. ವೇಗ ಗಂಟೆಗೆ ಮೈಲಿಯಲ್ಲಿ, ವ್ಯಾಸ ಇಂಚಿನಲ್ಲಿ. 336 ಎಲ್ಲಿಂದ ಬಂತು? ಒಂದು ಮೈಲಿಗೆ 63,360 ಇಂಚು. ಅದನ್ನು 60 ನಿಮಿಷದಿಂದಲೂ ಪೈಯಿಂದಲೂ ಭಾಗಿಸಿದರೆ ಸಿಗುವುದು ಅದೇ.

ಇನ್ನು ಬೇಕಾದ್ದು ಗೇರ್‌ಬಾಕ್ಸಿನ ಅನುಪಾತಗಳು. ರ‍್ಯಾಮ್ 2500ರ ಆರು ವೇಗದ 68ಆರ್‌ಎಫ್‌ಇ ತೆಗೆದುಕೊಳ್ಳೋಣ: 3.23, 1.84, 1.41, 1.00, 0.82, 0.63. ಟೈರು 33 ಇಂಚು, ವೇಗ 65 ಮೈಲಿ, ಆರನೇ ಗೇರು. 3.42ರಲ್ಲಿ 1,426 ಆರ್‌ಪಿಎಂ, 3.73ರಲ್ಲಿ 1,555, 4.10ರಲ್ಲಿ 1,709. ಒಂದು ಗೇರು ಇಳಿಸಿ ಐದಕ್ಕೆ ಬಂದರೆ ಕ್ರಮವಾಗಿ 1,856, 2,024, 2,225.

ಈ ಆರು ಸಂಖ್ಯೆಗಳನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂರಿ. 3.42ರಿಂದ 4.10ಕ್ಕೆ ಹೋದರೆ ಸಿಕ್ಕಿದ್ದು 283 ಆರ್‌ಪಿಎಂ. 3.42ರಲ್ಲೇ ಒಂದು ಗೇರು ಇಳಿಸಿದರೆ ಸಿಕ್ಕಿದ್ದು 430.

ನನ್ನ ಕಥೆ ಇಲ್ಲಿಗೆ ಬಂದು ಸೇರುತ್ತದೆ. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್ 2014ರ ರ‍್ಯಾಮ್ 2500, 3.42 ಆಕ್ಸಲ್, ಹಿಂದಿನವರು ಹಾಕಿದ್ದ 35 ಇಂಚಿನ ಟೈರು. ಕೊಲೊರಾಡೊದ ಐ-25 ಹೆದ್ದಾರಿಯಲ್ಲಿ ಫಿಫ್ತ್ ವೀಲ್ ಕ್ಯಾಂಪರ್ (ಪಿಕಪ್ಪಿನ ತೊಟ್ಟಿಯೊಳಗಿನ ಹಿಚ್ಚಿಗೆ ಕಟ್ಟುವ ಮನೆ-ಟ್ರೇಲರ್) ಎಳೆದುಕೊಂಡು ದಕ್ಷಿಣಕ್ಕೆ ಹೋಗುವಾಗ ಪ್ರತಿ ಸಣ್ಣ ಏರಿಗೂ ಗೇರ್‌ಬಾಕ್ಸ್ ಆರರಿಂದ ಐದಕ್ಕೆ, ಐದರಿಂದ ಆರಕ್ಕೆ ಹಾರಾಡುತ್ತಿತ್ತು. ಟ್ರಾನ್ಸ್‌ಮಿಷನ್ ಬಿಸಿಯ ಮುಳ್ಳು ಏರುತ್ತಲೇ ಇತ್ತು. ಮನೆಗೆ ಬಂದವನೇ ಒಂದು ಗ್ಯಾರೇಜಿಗೆ ಫೋನ್ ಮಾಡಿದೆ. "3.42ರಲ್ಲಿ ಎಳೆಯೋಕಾಗಲ್ಲ, 4.10 ಹಾಕಿಸಿ" ಅಂದರು, ಸಾವಿರಾರು ಡಾಲರಿನ ಅಂದಾಜು ಕೊಟ್ಟರು. ಮುಂಗಡ ಕೊಡುವ ಹಿಂದಿನ ರಾತ್ರಿ ಈ ಲೆಕ್ಕ ಮಾಡಿದೆ. 35 ಇಂಚಿನ ಟೈರಿನಲ್ಲಿ, 65 ಮೈಲಿಯಲ್ಲಿ, ಆರನೇ ಗೇರಿನಲ್ಲಿ ಎಂಜಿನ್ ತಿರುಗುತ್ತಿದ್ದದ್ದು 1,344ರಲ್ಲಿ. ಆ ಎಂಜಿನ್ನಿನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 1,600ರಲ್ಲಿ. ಏದುಸಿರು ಬಿಡದೆ ಇನ್ನೇನು ಮಾಡೀತು? 4.10 ಹಾಕಿದರೆ ಅದೇ ಆರನೇ ಗೇರಿನಲ್ಲಿ 1,612. ಏನೂ ಹಾಕದೆ ಐದನೇ ಗೇರಿನಲ್ಲೇ ಇಟ್ಟರೆ 1,750!

ಗೇರ್ ಲಿವರಿನ ಮೇಲೆ ಒಂದು ಮೈನಸ್ ಬಟನ್ ಇದೆ. ಟ್ರೇಲರ್ ಕಟ್ಟಿದಾಗ ಅದನ್ನು ಒತ್ತಿ ಐದನೇ ಗೇರಿಗೆ ಮಿತಿ ಹಾಕಿದೆ, ಭಾರ ಎಳೆಯುವಾಗಿನ ಟೋ-ಹಾಲ್ ಮೋಡ್ ಹಾಕಿದೆ. ಹಾರಾಟ ನಿಂತಿತು, ಬಿಸಿ ಇಳಿಯಿತು. ಟೈರು ಸವೆದಾಗ 33 ಇಂಚಿನದಕ್ಕೆ ಮರಳಿದೆ. ಆಕ್ಸಲ್ ಇವತ್ತಿಗೂ ಅದೇ 3.42.

ಹಾಗಾಗಿ ಮೂರನೇ ಹೆಜ್ಜೆಯ ತಿರುಳು ಇಷ್ಟು: ಟ್ರೇಲರ್ ಕಟ್ಟಿಕೊಂಡು ನೀವು ಗಂಟೆಗಟ್ಟಲೆ ಓಡಿಸುವ ವೇಗ ಯಾವುದು, ಆ ವೇಗದಲ್ಲಿ ಯಾವುದಾದರೂ ಒಂದು ಗೇರು ನಿಮ್ಮ ಎಂಜಿನ್ನನ್ನು 1,700ರಿಂದ 2,100ರೊಳಗೆ ಇಡುತ್ತದೆಯೇ ನೋಡಿ. ಇಟ್ಟರೆ ಆಕ್ಸಲ್ ಸರಿಯಾಗಿದೆ.

ಹೆಜ್ಜೆ 4: ನಿಮ್ಮ ದಾರಿಯ ಅತಿ ಕಡಿದಾದ ಏರು

ಸಪಾಟು ರಸ್ತೆಯ ಲೆಕ್ಕ ಮುಗಿಯಿತು. ಈಗ ಘಾಟಿ. ಐ-70ರಲ್ಲಿ ಸಿಲ್ವರ್‌ಥಾರ್ನ್ ಊರಿನಿಂದ ಐಸನ್‌ಹೋವರ್ ಸುರಂಗದ ಕಡೆಗಿನ ಏರನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಸುಮಾರು 9,000 ಅಡಿಯಿಂದ ಶುರುವಾಗಿ 11,000 ಅಡಿ ದಾಟುವ ದಾರಿ, ಕಡಿದಾದ ಕಡೆ ನೂರಕ್ಕೆ ಏಳರ ಏರು. ಶಿರಾಡಿ ಘಾಟಿಯಂತೆ ತಿರುವುಗಳಿಲ್ಲ, ಆದರೆ ಬಿಡುವೂ ಇಲ್ಲ.

ಗಾಡಿ, ಟ್ರೇಲರ್, ಸಾಮಾನು ಎಲ್ಲ ಸೇರಿ 20,000 ಪೌಂಡ್, ಅಂದರೆ 9 ಟನ್ ಚಿಲ್ಲರೆ. ನೂರಕ್ಕೆ ಏಳು ಅಂದರೆ ಗುರುತ್ವ ನಿಮ್ಮನ್ನು ಹಿಂದಕ್ಕೆ ಎಳೆಯುವ ಬಲ 1,400 ಪೌಂಡ್. 60 ಮೈಲಿ ವೇಗದಲ್ಲಿ ಇದಕ್ಕೇ 224 ಅಶ್ವಶಕ್ತಿ ಬೇಕು. ಗಾಳಿ, ಟೈರಿನ ಉರುಳು, ಗೇರ್‌ಬಾಕ್ಸಿನ ನಷ್ಟ ಬೇರೆ. ಆಕ್ಸಲ್ ಯಾವುದೇ ಇರಲಿ ಈ 224 ಬದಲಾಗುವುದಿಲ್ಲ. ಕ್ರೌನ್-ಪಿನಿಯನ್ ಅಶ್ವಶಕ್ತಿ ಹುಟ್ಟಿಸುವುದಿಲ್ಲ, ಎಂಜಿನ್ ಯಾವ ಆರ್‌ಪಿಎಂನಲ್ಲಿ ನಿಂತು ಕೆಲಸ ಮಾಡಬೇಕು ಎಂದು ಮಾತ್ರ ಹೇಳುತ್ತದೆ. ನನ್ನ ಗಾಡಿಯ ಎಂಜಿನ್ನು ತನ್ನ ಪೂರ್ತಿ 370 ಅಶ್ವಶಕ್ತಿ ಕೊಡುವುದು 2,800ರಲ್ಲಿ. ಸುಮಾರು 3,200ಕ್ಕೆ ಅದರ ಮಿತಿ ಮುಗಿಯುತ್ತದೆ.

ಈಗ ಮತ್ತೆ ಸೂತ್ರಕ್ಕೆ ಬನ್ನಿ, 33 ಇಂಚಿನ ಟೈರು, 60 ಮೈಲಿ:

3.42: ಮೂರನೇ ಗೇರಿನಲ್ಲಿ 2,946, ನಾಲ್ಕರಲ್ಲಿ 2,089
3.73: ಮೂರನೇ ಗೇರಿನಲ್ಲಿ 3,213, ನಾಲ್ಕರಲ್ಲಿ 2,279
4.10: ಮೂರನೇ ಗೇರಿನಲ್ಲಿ 3,532, ನಾಲ್ಕರಲ್ಲಿ 2,505

ಮೊದಲ ಸಲ ಇದನ್ನು ಬರೆದಾಗ ನಾನು ಲೆಕ್ಕ ತಪ್ಪಿರಬೇಕೆಂದು ಮೂರು ಸಲ ತಿರುಗಿ ಮಾಡಿದೆ. 3.42ರ ಗಾಡಿ ಮೂರನೇ ಗೇರಿನಲ್ಲಿ ಪೂರ್ಣ ಶಕ್ತಿಯ ಪಕ್ಕದಲ್ಲೇ ನಿಂತಿದೆ. 4.10ಕ್ಕೆ ಮೂರನೇ ಗೇರು ಸಿಗುವುದೇ ಇಲ್ಲ, ನಾಲ್ಕರಲ್ಲಿ 2,505. ಎಲ್ಲರೂ ನಡುವಿನ ದಾರಿ ಎನ್ನುವ 3.73ಕ್ಕೆ ಮೂರನೆಯದು ಮಿತಿಯ ಆಚೆ, ನಾಲ್ಕನೆಯದು 2,279. ಈ ಒಂದು ವೇಗದಲ್ಲಿ ಅದೇ ಎಲ್ಲಕ್ಕಿಂತ ಹಿಂದೆ. 55ಕ್ಕೆ ಇಳಿದರೆ ಅದಕ್ಕೂ ಮೂರನೇ ಗೇರು 2,945ರಲ್ಲಿ ಸಿಗುತ್ತದೆ, ಉಸಿರು ಬರುತ್ತದೆ.

ಇದರಿಂದ 3.42 ಮೇಲು ಅಂತಲ್ಲ. 68ಆರ್‌ಎಫ್‌ಇಯಲ್ಲಿ ಮೂರಕ್ಕೂ ನಾಲ್ಕಕ್ಕೂ ನಡುವೆ 1.41ರಿಂದ 1.00ಕ್ಕೆ ದೊಡ್ಡ ಕಂದಕವಿದೆ. ನಿಮ್ಮ ಏರಿನ ವೇಗ ಆ ಕಂದಕಕ್ಕೆ ಬಿದ್ದರೆ ಗಾಡಿ ಒದ್ದಾಡುತ್ತದೆ. ಆಕ್ಸಲ್ ಬದಲಿಸಿದರೆ ಕಂದಕ ಮುಚ್ಚುವುದಿಲ್ಲ, ಬೇರೆ ವೇಗಕ್ಕೆ ಸರಿಯುತ್ತದೆ ಅಷ್ಟೆ. ನಿಮ್ಮ ದಾರಿ, ನಿಮ್ಮ ವೇಗ ಹಾಕಿ ಈ ಪಟ್ಟಿ ಮಾಡಿಕೊಳ್ಳಿ. ಮೂರನೇ ಗೇರಿನಲ್ಲಿ 2,900ರಲ್ಲಿ ಕೂಗುವ ಎಂಜಿನ್ನಿಗೆ ಹೆದರಬೇಡಿ, ಆ ಕೆಲಸಕ್ಕೇ ಅದನ್ನು ಮಾಡಿದ್ದು. ಹೆದರಬೇಕಾದದ್ದು 1,300ರಲ್ಲಿ ತುಂಬು ಆಕ್ಸಿಲರೇಟರ್ ಒತ್ತಿ ಏರುವುದಕ್ಕೆ. ಹೊಗೆಯ ಬಿಸಿ ಏರುವುದು ಆಗ.

ಹೆಜ್ಜೆ 5: ನಿಂತಲ್ಲಿಂದ ಹೊರಡುವ ಬಲ

4.10 ನಿಜವಾಗಿ ಗೆಲ್ಲುವ ಜಾಗ ಇದು. ಮೊದಲ ಗೇರಿನ ಅನುಪಾತವನ್ನು ಆಕ್ಸಲ್ ಅನುಪಾತದಿಂದ ಗುಣಿಸಿ. 68ಆರ್‌ಎಫ್‌ಇಗೆ 3.42ರಲ್ಲಿ 11.05, 3.73ರಲ್ಲಿ 12.05, 4.10ರಲ್ಲಿ 13.24. ಕುದುರೆ ಟ್ರೇಲರ್ ಕಟ್ಟಿ ಹುಲ್ಲುಗಾವಲಿನ ಏರಿನಲ್ಲಿ ಹೊರಡುವವರು, ಕಟ್ಟಡದ ಜಾಗದಲ್ಲಿ ಸ್ಕಿಡ್‌ಸ್ಟಿಯರ್ (ಮಣ್ಣು ಎತ್ತುವ ಚಿಕ್ಕ ಯಂತ್ರ) ಹೊತ್ತು ದಿನಕ್ಕೆ ಇಪ್ಪತ್ತು ಸಲ ನಿಂತು ಹೊರಡುವವರು, ಏರಿನ ಡ್ರೈವ್‌ವೇಗೆ ಫಿಫ್ತ್ ವೀಲನ್ನು ರಿವರ್ಸ್ ತಳ್ಳುವವರು ಈ ಸಂಖ್ಯೆಯನ್ನೇ ನೋಡಬೇಕು. ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಎಣ್ಣೆಯ ಮೂಲಕ ಜೋಡಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಎಣ್ಣೆ ಕಡೆಯುತ್ತಾ ಬಿಸಿಯಾಗುವುದು ಇಂಥ ಹೊತ್ತಿನಲ್ಲೇ. ವರ್ಷಕ್ಕೆ ನಾಲ್ಕು ಸಲ ಮಾತ್ರ ಅಂಥ ಕೆಲಸವಿದ್ದರೆ, ಜಲ್ಲಿ ನೆಲದಲ್ಲಿ 4-ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರು) ಹಾಕಿ ಮೆಲ್ಲಗೆ ಮಾಡಿದರೂ ಆದೀತು.

ಈ ಗುಣಾಕಾರ ಇನ್ನೊಂದು ಗುಟ್ಟನ್ನೂ ಹೇಳುತ್ತದೆ. 1990ರ ದಶಕದ ಕೊನೆಯ ಡಾಡ್ಜ್ ಕಮ್ಮಿನ್ಸ್‌ನ ನಾಲ್ಕು ವೇಗದ 47ಆರ್‌ಇ ಆಟೊಮ್ಯಾಟಿಕ್‌ನ ಮೊದಲ ಗೇರು ಬರೀ 2.45. ಅದಕ್ಕೆ 4.10 ಹಾಕಿದರೂ ಗುಣಲಬ್ಧ 10.05. 3.54 ಇದ್ದರೆ 8.67. "ಎಳೆಯೋಕೆ 4.10 ಬೇಕು" ಎಂಬ ಮಾತು ಹುಟ್ಟಿ ಬೇರುಬಿಟ್ಟದ್ದು ಅಂಥ ಗೇರ್‌ಬಾಕ್ಸ್‌ಗಳ ಕಾಲದಲ್ಲಿ, ಆಗ ಅದು ಸರಿಯಾಗಿಯೂ ಇತ್ತು. ಈಗ ಜಿಎಂ ನೋಡಿ: ಆರು ವೇಗದ ಆಲಿಸನ್ ಗೇರ್‌ಬಾಕ್ಸ್ ಇದ್ದಾಗ ಡ್ಯೂರಾಮ್ಯಾಕ್ಸ್‌ಗೆ 3.73 ಕೊಡುತ್ತಿದ್ದರು. 2020ರಲ್ಲಿ ಹತ್ತು ವೇಗದ್ದು ಬಂದಾಗ 3.42ಕ್ಕೆ ಇಳಿಸಿದರು. ಸಂಖ್ಯೆ ನೋಡಿ ಹಿನ್ನಡೆ ಅಂದುಕೊಂಡವರು ಗುಣಿಸಲಿಲ್ಲ. ಹಳೆಯದು 3.10 × 3.73 = 11.56. ಹೊಸದು 4.54 × 3.42 = 15.53. ಫೋರ್ಡಿನ ಹತ್ತು ವೇಗದ ಟಾರ್ಕ್‌ಶಿಫ್ಟ್‌ನ ಮೊದಲ ಗೇರು 4.615, 3.31ರ ಆಕ್ಸಲ್ ಇದ್ದರೂ 15.28, 3.55ಕ್ಕೆ 16.38. ಹತ್ತು ವೇಗದ ಗಾಡಿಗಳಲ್ಲಿ ಗೇರುಗಳ ನಡುವಿನ ಕಂದಕವೂ ಕಿರಿದು. ಅಂಥ ಗಾಡಿ ಕೊಳ್ಳುವವರು ಆಕ್ಸಲ್ ಬಗ್ಗೆ ನಿದ್ದೆಗೆಡಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಜ್ಜೆ 6: ತೂಕದ ಮಿತಿ

ಕಂಪನಿಯ ಟೋಯಿಂಗ್ ಪಟ್ಟಿಯಲ್ಲಿ ಒಂದೇ ಗಾಡಿಗೆ ಆಕ್ಸಲ್ ಅನುಪಾತಕ್ಕೆ ತಕ್ಕಂತೆ ಬೇರೆ ಬೇರೆ ಮಿತಿ ಇರುತ್ತದೆ. ನಿಮ್ಮ ಟ್ರೇಲರಿನ ತೂಕ 3.42ರ ಮಿತಿ ಮೀರಿ 4.10ರ ಮಿತಿಯೊಳಗಿದ್ದರೆ ಚರ್ಚೆಯೇ ಇಲ್ಲ, 4.10 ಬಂದಿರುವ ಗಾಡಿಯನ್ನೇ ಹುಡುಕಿ. ಆಮೇಲೆ ಹೊರಗೆ ಕ್ರೌನ್-ಪಿನಿಯನ್ ಬದಲಿಸಿದರೆ ಬಾಗಿಲ ಸ್ಟಿಕರಿನ ಮಿತಿ ಏರುವುದಿಲ್ಲ.

ಇನ್ನು, ಬಹಳ ಜನರಿಗೆ ಮೊದಲು ಅಡ್ಡ ಬರುವುದು ಆಕ್ಸಲ್ ಅನುಪಾತವಲ್ಲ, ಬಾಗಿಲ ಚೌಕಟ್ಟಿನ ಹಳದಿ ಸ್ಟಿಕರಿನ ಪೇಲೋಡ್, ಅಂದರೆ ಪಿಕಪ್ ತನ್ನ ಮೇಲೆ ಹೊರಬಹುದಾದ ತೂಕ. ಫಿಫ್ತ್ ವೀಲ್ ತನ್ನ ತೂಕದ ಸುಮಾರು ಐದನೇ ಒಂದು ಪಾಲನ್ನು ಪಿಕಪ್ಪಿನ ಮೇಲೆ ಹೇರುತ್ತದೆ. 12,000 ಪೌಂಡಿನ ಕ್ಯಾಂಪರ್ ಅಂದರೆ 2,400 ಪೌಂಡ್. ಅದರ ಮೇಲೆ ಹಿಚ್, ಹೆಂಡತಿ-ಮಕ್ಕಳು, ಊರಿಂದ ಬಂದ ಅಪ್ಪ-ಅಮ್ಮ. "ಮುಕ್ಕಾಲು ಟನ್" ಎಂದು ಕರೆಯುವ 2500 ವರ್ಗದ ಗಾಡಿಯ ಪೇಲೋಡ್ ಇಲ್ಲಿಗೇ ಮುಗಿದುಹೋಗಬಹುದು. ಆಗ ಬೇಕಾದ್ದು 4.10 ಅಲ್ಲ, "ಒಂದು ಟನ್" ಎನ್ನುವ 3500 ವರ್ಗದ ಗಾಡಿ.

ಹೆಜ್ಜೆ 7: ಬದಲಿಸಲೇಬೇಕು ಅಂತಾದರೆ

37 ಇಂಚಿನ ಟೈರು ಹಾಕಿದವರಿಗೆ, ಹಳೆಯ ನಾಲ್ಕು ವೇಗದ ಗಾಡಿಯವರಿಗೆ ಈ ಹೆಜ್ಜೆ. ಮೂಲ ನಡತೆ ಮರಳಿ ಬರಲು 3.73ನ್ನು ಹೊಸ ವ್ಯಾಸದಿಂದ ಗುಣಿಸಿ ಹಳೆಯದರಿಂದ ಭಾಗಿಸಿ: 35 ಇಂಚಿಗೆ 3.96, 37ಕ್ಕೆ 4.18. ಎರಡಕ್ಕೂ ಹತ್ತಿರದ್ದು 4.10.

ಫೋರ್-ವೀಲ್ ಡ್ರೈವ್ ಆದರೆ ಮುಂದಿನ, ಹಿಂದಿನ ಎರಡೂ ಆಕ್ಸಲ್ ಬದಲಿಸಬೇಕು. ಹಿಂದಿನದನ್ನು ಮಾತ್ರ ಬದಲಿಸಿ ಮಂಜಿನಲ್ಲಿ 4-ವೀಲ್ ಹಾಕಿದರೆ ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮುರಿಯಬಹುದು. ಕೆಲವು ಆಕ್ಸಲ್‌ಗಳಲ್ಲಿ ಕ್ರೌನನ್ನು ಹಿಡಿದಿಡುವ ಕ್ಯಾರಿಯರ್ ಕೂಡ ಬದಲಾಗಬೇಕು: ಡಾನಾ 60 ಎಂಬ ಆಕ್ಸಲ್ಲಿನಲ್ಲಿ 4.10ರವರೆಗೆ ಒಂದು ಕ್ಯಾರಿಯರ್, 4.56ರಿಂದ ಮೇಲಕ್ಕೆ ಇನ್ನೊಂದು. ಬೇರಿಂಗ್, ಸೀಲು ಹಳೆಯದನ್ನೇ ಹಾಕಿಸಿ ಉಳಿತಾಯ ಮಾಡಬೇಡಿ.

ಕೆಲಸ ಒಪ್ಪಿಸುವ ಮುನ್ನ ಗ್ಯಾರೇಜಿನವರಿಗೆ ಒಂದು ಮಾತು ಹೇಳಿ: ಹಲ್ಲಿನ ಗುರುತಿನ ಫೋಟೊ ಬೇಕು. ಕ್ರೌನಿನ ನಾಲ್ಕೈದು ಹಲ್ಲಿಗೆ ಹಳದಿ ಪೇಸ್ಟ್ ಬಳಿದು, ತುಸು ತಡೆ ಕೊಟ್ಟು ತಿರುಗಿಸಿದರೆ ಪಿನಿಯನ್ ಎಲ್ಲಿ ಒತ್ತುತ್ತಿದೆ ಎಂಬುದು ಅಚ್ಚೊತ್ತಿದ ಹಾಗೆ ಕಾಣುತ್ತದೆ. ಆ ಅಚ್ಚು ಹಲ್ಲಿನ ಎತ್ತರದ ನಡುಭಾಗದಲ್ಲಿರಬೇಕು. ಬುಡಕ್ಕೆ ಅಂಟಿಕೊಂಡಿದ್ದರೆ ಪಿನಿಯನ್ ಹೆಚ್ಚು ಒಳಗೆ ಹೋಗಿದೆ, ತುದಿಯಲ್ಲಿದ್ದರೆ ಹೊರಗುಳಿದಿದೆ. ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಬದಲಿಸಿ ಮತ್ತೆ ಕಟ್ಟಬೇಕು. ಹಲ್ಲುಗಳ ನಡುವಿನ ಆಟವನ್ನು ಡಯಲ್ ಗೇಜಿನಲ್ಲಿ ಅಳೆಯುತ್ತಾರೆ, ಅದು ಇಂಚಿನ ಸಾವಿರದ ಪಾಲುಗಳ ವ್ಯವಹಾರ. ನಿಮ್ಮ ಆಕ್ಸಲ್ಲಿನ ಅಳತೆ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಫೋಟೊ ಕೊಡಲು ಒಪ್ಪದ ಗ್ಯಾರೇಜನ್ನು ನಾನಂತೂ ಬಿಟ್ಟುಬಿಡುತ್ತೇನೆ. ಇದನ್ನು ಮನೆಯಲ್ಲೇ ಮೊದಲ ಸಲ ಕಲಿಯಲು ಹೊರಡಬೇಡಿ ಎಂದೂ ಹೇಳುತ್ತೇನೆ. ಸೂಕ್ಷ್ಮ ತಪ್ಪೂ 500 ಮೈಲಿಯೊಳಗೆ ಊಳಿಡುವ ಸದ್ದಾಗಿ ಹೊರಬರುತ್ತದೆ.

ಕ್ರೌನ್-ಪಿನಿಯನ್ ಬದಲಾದದ್ದನ್ನು ಗಾಡಿಯ ಕಂಪ್ಯೂಟರಿಗೂ ತಿಳಿಸಬೇಕು. ಇಲ್ಲದಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳಬಹುದು, ಗೇರ್ ಬದಲಾಗುವ ಹೊತ್ತು ತಪ್ಪಬಹುದು. ಆಮೇಲೆ ಫೋನಿನ ಜಿಪಿಎಸ್ ವೇಗದ ಜೊತೆ ಒಮ್ಮೆ ತಾಳೆ ನೋಡಿ.

ಹೊಸ ಹಲ್ಲುಗಳು ಪಳಗಲು ಸಮಯ ಬೇಕು. ಮೊದಲ ದಿನ 15-20 ಮೈಲಿ ಮೆಲ್ಲಗೆ ಓಡಿಸಿ, ಹೌಸಿಂಗ್ ಕೈಯಿಟ್ಟರೆ ತಣ್ಣಗೆನಿಸುವವರೆಗೆ ನಿಲ್ಲಿಸಿ, ಮತ್ತೆ ಓಡಿಸಿ, ಮತ್ತೆ ಆರಿಸಿ. 500 ಮೈಲಿಯವರೆಗೆ ಟ್ರೇಲರ್ ಮುಟ್ಟಬೇಡಿ. 500ಕ್ಕೆ ಎಣ್ಣೆ ಇಳಿಸಿ. ಡ್ರೈನ್ ಪಾತ್ರೆಯ ತಳದಲ್ಲಿ ಬೂದು ಬಣ್ಣದ ನುಣುಪು ಪುಡಿ ಕಂಡರೆ ಅದು ಪಳಗಿದ ಗುರುತು, ಚೂರುಗಳು ಕಂಡರೆ ನೇರ ಗ್ಯಾರೇಜಿಗೆ ಹೋಗಿ. ಹೊಸ ಎಣ್ಣೆ ಮ್ಯಾನ್ಯುಯಲ್ ಹೇಳಿದ್ದೇ ಇರಲಿ, ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ಸುತ್ತದಂತೆ ತಡೆಯುವ ವ್ಯವಸ್ಥೆ) ಇದ್ದರೆ ಅದಕ್ಕೆ ಬೇಕಾದ ಸೇರ್ಪಡೆಯ ಬಗ್ಗೆ ಕೇಳಿಕೊಳ್ಳಿ. ನಂತರ ಮೊದಲ ಸಲ ಟ್ರೇಲರ್ ಕಟ್ಟಿದಾಗ ನಲವತ್ತೈದು ಮೈಲಿಯಷ್ಟು ಸಪಾಟು ರಸ್ತೆಯಲ್ಲೇ ಹೋಗಿ, ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ, ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಹೌಸಿಂಗ್ ಪೂರ್ತಿ ಆರಲು ಬಿಡಿ.